ಟೆಕ್ಸಾಸ್‌ನಲ್ಲಿ ಹೊಸ ಏಜೆಂಟ್ ಯಾವ ಬ್ರೋಕರ್ ಬಳಿ ಸೇರಬೇಕು?

ಟೆಕ್ಸಾಸ್‌ನಲ್ಲಿ ಮನೆ ಮಾರಾಟದ (ರಿಯಲ್ ಎಸ್ಟೇಟ್) ಸೇಲ್ಸ್ ಏಜೆಂಟ್ ಪರೀಕ್ಷೆ ಪಾಸಾಗಿದ್ದೀರಿ. ಒಂದು ಬ್ರೋಕರ್ ಸಂಸ್ಥೆ ಪೂರ್ತಿ ಕಮಿಷನ್ ನಿಮಗೇ ಬಿಡುತ್ತದೆ, ಇನ್ನೊಂದು ಶೇಕಡಾ 30 ಇಟ್ಟುಕೊಳ್ಳುತ್ತದೆ, ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ಡಲ್ಲಾಸ್ ಸುತ್ತಮುತ್ತ ಇದೇ ಕೆಲಸ ಮಾಡುತ್ತಿರುವ ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಆದರೆ ಆ ಪಾಲಿಗೆ ಪ್ರತಿಯಾಗಿ ನಿಮ್ಮ ಮೊದಲ ಕರಾರುಗಳನ್ನು ಜೊತೆಗೆ ಕುಳಿತು ಓದುವ ಅನುಭವಿಯೊಬ್ಬರು ಸಿಗಲೇಬೇಕು.

4,00,000 ಡಾಲರ್ ಮನೆಗೆ ಶೇಕಡಾ 3 ಕಮಿಷನ್ ಒಪ್ಪಂದವಾಗಿದೆ ಎಂದಿಟ್ಟುಕೊಳ್ಳಿ. ಬರುವ 12,000ದಲ್ಲಿ ಬ್ರೋಕರ್ ಪಾಲು 3,600. ಇದು ಸಣ್ಣ ಮೊತ್ತವಲ್ಲ. ಆದರೆ ಪೂರ್ತಿ ಕಮಿಷನ್ ಬಿಡುವ ಸಂಸ್ಥೆಗಳು ಸಾಮಾನ್ಯವಾಗಿ ಮಾಸಿಕ ಶುಲ್ಕವನ್ನೋ ಪ್ರತಿ ವ್ಯವಹಾರಕ್ಕೊಂದು ಶುಲ್ಕವನ್ನೋ ವಿಧಿಸುತ್ತವೆ. ಮಾಸಿಕ ಶುಲ್ಕವನ್ನಂತೂ ಒಂದೂ ಮನೆ ಮಾರಾಟವಾಗದ ತಿಂಗಳಲ್ಲೂ ಕಟ್ಟಬೇಕಾಗುತ್ತದೆ.

ಹಣಕ್ಕಿಂತ ದೊಡ್ಡ ವಿಷಯ ಹೊಣೆ. ಇಲ್ಲಿನ ಕರಾರಿನಲ್ಲಿ ಖರೀದಿದಾರರಿಗೆ ಆಪ್ಷನ್ ಅವಧಿ ಎಂಬುದೊಂದಿದೆ. ಆ ದಿನಗಳೊಳಗೆ ಅವರು ಯಾವ ಕಾರಣಕ್ಕಾದರೂ ಹಿಂದೆ ಸರಿಯಬಹುದು. ಆದರೆ ಆ ಹಕ್ಕಿಗಾಗಿ ಅವರು ಕೊಡುವ ಆಪ್ಷನ್ ಶುಲ್ಕ ಕರಾರು ಜಾರಿಯಾದ 3 ದಿನಗಳಲ್ಲಿ ಟೈಟಲ್ ಕಂಪನಿಗೆ (ವ್ಯವಹಾರದ ಹಣ, ದಾಖಲೆ ನೋಡಿಕೊಳ್ಳುವ ಸಂಸ್ಥೆಗೆ) ತಲುಪದಿದ್ದರೆ ಆ ಹಕ್ಕೇ ಇಲ್ಲವಾಗುತ್ತದೆ, ತಲುಪಿದ್ದರೂ ಕೊನೆಯ ದಿನ ಸಂಜೆ 5ಕ್ಕೆ ಅದು ಮುಗಿಯುತ್ತದೆ. ಅಂದು ಮಧ್ಯಾಹ್ನ ಇನ್‌ಸ್ಪೆಕ್ಷನ್ ವರದಿಯಲ್ಲಿ ತಳಪಾಯದ ಬಿರುಕು ಕಾಣಿಸಿಕೊಂಡಾಗ ನಿಮ್ಮ ಫೋನ್ ಎತ್ತುವವರು ಯಾರು? ಲೈಸೆನ್ಸ್‌ಗೆ ಬೇಕಾದ 180 ಗಂಟೆಗಳ ಪಾಠ ಫಾರಂಗಳನ್ನು ಪರಿಚಯಿಸುತ್ತದೆ, ಆ ಗಳಿಗೆಯ ನಿರ್ಧಾರವನ್ನು ಕಲಿಸುವುದಿಲ್ಲ. ಅದರಲ್ಲೂ ನಮ್ಮ ಮೊದಲ ಗ್ರಾಹಕರು ಬಹುತೇಕ ಕನ್ನಡ ಸಂಘದ ಪರಿಚಯದವರೇ ಆಗಿರುತ್ತಾರೆ. ವರ್ಷಗಳ ಉಳಿತಾಯವನ್ನು ನಂಬಿಕೆಯ ಮೇಲೆ ನಮ್ಮ ಕೈಗಿಡುತ್ತಾರೆ.

ಆದ್ದರಿಂದ ಸಂದರ್ಶನಕ್ಕೆ ಹೋದಾಗ ನೀವೂ ಪ್ರಶ್ನೆ ಕೇಳಿ. ತರಬೇತಿ ಕೊಡುವವರು ಸ್ವತಃ ಈಗಲೂ ಮನೆ ಮಾರುತ್ತಿದ್ದಾರೆಯೇ? 2024ರ ಆಗಸ್ಟ್‌ನಿಂದ ಮನೆ ತೋರಿಸುವ ಮೊದಲೇ ಖರೀದಿದಾರರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕೆಂಬ ನಿಯಮ ಬಂದಿದೆಯಲ್ಲ, ಅದನ್ನು ಗ್ರಾಹಕರಿಗೆ ವಿವರಿಸುವ ಬಗೆಯನ್ನು ಹೇಳಿಕೊಡುತ್ತಾರೆಯೇ? ಕಳೆದ ವರ್ಷ ಸೇರಿದ ಒಬ್ಬಿಬ್ಬರೊಡನೆ, ಬ್ರೋಕರ್ ಎದುರಿಗಿಲ್ಲದಾಗ, ಮಾತನಾಡಿ.

ಸಹಿ ಹಾಕುವ ಮೊದಲು, ನೀವು ಸಂಸ್ಥೆಯನ್ನು ಬಿಟ್ಟು ಹೋದರೆ ಏನು ಎಂಬ ಷರತ್ತನ್ನು ಓದಿ. ಇಲ್ಲಿ ಏಜೆಂಟರ ಕಮಿಷನ್ ಬ್ರೋಕರ್ ಮೂಲಕವೇ ಬರಬೇಕಾದ್ದರಿಂದ, ನೀವು ಹೊರಟಾಗ ಅರ್ಧದಲ್ಲಿರುವ ವ್ಯವಹಾರಗಳ ಹಣದಲ್ಲಿ ನಿಮ್ಮ ಪಾಲೆಷ್ಟು ಎಂಬುದು ಅಲ್ಲಿ ಬರಹದಲ್ಲಿರಬೇಕು.