ಓದುಗರ ಪ್ರಶ್ನೆ: ಮನೆಯ ಚಾರ್ಜರ್, ಊರಿನ ಟಿಸಿ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಸಂಜೆ 7.2 ಕಿಲೋವ್ಯಾಟ್ ಚಾರ್ಜರ್‌ಗೆ ಕಾರು ಹಚ್ಚಿದರೆ ಕೇರಿಯ ಕೆಲವು ಮನೆಗಳಲ್ಲಿ ಮಾತ್ರ ದೀಪ ಮಂಕಾಗುತ್ತದೆ. ಟಿಸಿ (ಟ್ರಾನ್ಸ್‌ಫಾರ್ಮರ್) 25 ಕೆವಿಎ ಇದೆ. ಸಾಲದೇ?

ಉತ್ತರ: 25 ಕೆವಿಎ ಎಂಬ ಸಾಮರ್ಥ್ಯ ಮೂರೂ ಫೇಸ್ (ವಿದ್ಯುತ್ ತರುವ ಮೂರು ತಂತಿ) ಸೇರಿದ ಲೆಕ್ಕ. ಒಂದು ಫೇಸಿನ ಪಾಲು 8.3 ಕೆವಿಎ, ಅಂದರೆ ಸುಮಾರು 33 ಆಂಪಿಯರ್. ನಿಮ್ಮ ಚಾರ್ಜರ್ ಒಂದೇ ಫೇಸಿನಿಂದ 31 ಆಂಪಿಯರ್ ಎಳೆಯುತ್ತದೆ. ಆ ಫೇಸಿಗೆ ಸೇರಿದ ಮನೆಗಳಿಗಷ್ಟೇ ತೊಂದರೆ ತಟ್ಟುವುದು ಇದರಿಂದ.

ತಂತಿಯ ಉದ್ದವನ್ನೂ ನೋಡಿ. ಟಿಸಿಯಿಂದ ಮನೆಗೆ ಅರ್ಧ ಕಿ.ಮೀ. ದೂರವಿದ್ದು, ಎಳೆದದ್ದು ವೀಸಲ್ ಎಂಬ ತೆಳ್ಳನೆಯ ಅಲ್ಯೂಮಿನಿಯಂ ತಂತಿಯಾದರೆ, ಫೇಸ್ ಮತ್ತು ನ್ಯೂಟ್ರಲ್ ಸೇರಿ ರೋಧ ಸುಮಾರು 0.9 ಓಮ್. 31 ಆಂಪಿಯರ್ ಹರಿದಾಗ 28 ವೋಲ್ಟ್ ದಾರಿಯಲ್ಲೇ ಇಳಿಯುತ್ತದೆ, 860 ವ್ಯಾಟ್ ಬರೀ ತಂತಿ ಕಾಯಿಸಲು ಹೋಗುತ್ತದೆ. ಸಂಜೆ ಮೊದಲೇ 205 ವೋಲ್ಟ್ ಇರುವ ಕಡೆ ಅದು 177ಕ್ಕೆ ಬರುತ್ತದೆ. ಫ್ರಿಜ್, ಪಂಪುಗಳ ಮೋಟಾರು ಸುಡುವುದು ಇಂಥ ವೋಲ್ಟೇಜಿನಲ್ಲೇ.

ಮೊದಲು ಕಾರಿನ ಪರದೆಯಲ್ಲೋ ಚಾರ್ಜರಿನ ಆ್ಯಪಿನಲ್ಲೋ ಕರೆಂಟನ್ನು 14 ಆಂಪಿಯರ್‌ಗೆ ಇಳಿಸಿ, ರಾತ್ರಿ 11ರ ನಂತರಕ್ಕೆ ಟೈಮರ್ ಇಡಿ. ಇಳಿತ 13 ವೋಲ್ಟಿನೊಳಗೆ ನಿಲ್ಲುತ್ತದೆ. ಚಾರ್ಜ್ ಆಗಲು ಎರಡು ಪಟ್ಟಿಗಿಂತ ತುಸು ಹೆಚ್ಚು ಹೊತ್ತು ಬೇಕಾದರೂ ತಂತಿಯಲ್ಲಿ ಪೋಲಾಗುವ ಒಟ್ಟು ವಿದ್ಯುತ್ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ದಿನಕ್ಕೆ 50 ಕಿ.ಮೀ. ಓಡಿಸುವವರಿಗೆ ಮೂರು ತಾಸು ಸಾಕು.

ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಕೊಡಲೇಬೇಕು. ಲೋಡ್ ದಾಖಲೆಗೆ ಬರದೆ ದೊಡ್ಡ ಟಿಸಿಗೆ ಬೇಡಿಕೆ ಇಡಲು ಆಧಾರವೇ ಇರುವುದಿಲ್ಲ. ತ್ರೀ ಫೇಸ್ ಸಂಪರ್ಕ ಪಡೆದರೂ 7.2ರ ಚಾರ್ಜರ್ ಎಳೆಯುವುದು ಒಂದೇ ಫೇಸಿನಿಂದ. ಯಾವ ಫೇಸಿನಲ್ಲಿ ಹೊರೆ ಕಡಿಮೆ ಎಂದು ಲೈನ್‌ಮನ್ ಬಳಿ ಅಳೆಸಿ ಅದಕ್ಕೇ ಜೋಡಿಸಿಕೊಳ್ಳಿ.

ಪ್ರಶ್ನೆ: ಕೈಗಾ ಅಣು ಸ್ಥಾವರ, ಕದ್ರಾ ಜಲವಿದ್ಯುತ್ ಕೇಂದ್ರ ನಮ್ಮ ಕಾರವಾರದ ಪಕ್ಕದಲ್ಲೇ ಇವೆ. ಇಲ್ಲಿ ಚಾರ್ಜ್ ಮಾಡಿದ ಸ್ಕೂಟರಿನ ಇಂಗಾಲ ಸೊನ್ನೆ ಎನ್ನಬಹುದೇ?

ಉತ್ತರ: ಎನ್ನಲಾಗದು. ಇಡೀ ದೇಶಕ್ಕೆ ಜಾಲ ಒಂದೇ. ಕೈಗಾದ ಒಟ್ಟು 880 ಮೆಗಾವ್ಯಾಟ್ ಸಾಮರ್ಥ್ಯದ ಘಟಕಗಳು ಹೇಗೂ ಹಗಲಿರುಳು ಓಡುತ್ತವೆ. ನೀವು ಪ್ಲಗ್ ಹಾಕಿದಿರೆಂದು ಅಲ್ಲಿ ಉತ್ಪಾದನೆ ಏರುವುದಿಲ್ಲ. ಕದ್ರಾ, ನಾಗಝರಿಯ ಜಲವಿದ್ಯುತ್ ಕೇಂದ್ರಗಳಲ್ಲಿ ಉತ್ಪಾದನೆಯನ್ನು ಕೂಡಲೇ ಏರಿಸಬಹುದು ನಿಜ. ಆದರೆ ಸೂಪಾ ಅಣೆಕಟ್ಟಿನಲ್ಲಿ ನಿಂತ ನೀರು ಅಳತೆಯದ್ದು. ಇಂದು ಹೆಚ್ಚು ಬಿಟ್ಟರೆ ಬೇಸಿಗೆಯಲ್ಲಿ ಅಷ್ಟು ಕಲ್ಲಿದ್ದಲು ಸುಡಬೇಕಾಗುತ್ತದೆ.

ಆದ್ದರಿಂದ ದೇಶದ ಸರಾಸರಿ ಹಿಡಿಯುವುದೇ ಪ್ರಾಮಾಣಿಕ ಲೆಕ್ಕ: ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. 100 ಕಿ.ಮೀ.ಗೆ ಸ್ಕೂಟರಿಗೆ ಬೇಕಾದ್ದು 3 ಯೂನಿಟ್. ಚಾರ್ಜರ್ ಮತ್ತು ಲೈನಿನ ನಷ್ಟ ಸೇರಿಸಿ 4 ಎನ್ನೋಣ. ಅಲ್ಲಿಗೆ 2.8 ಕೆ.ಜಿ. ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರ್ ಅಷ್ಟೇ ದೂರಕ್ಕೆ 5 ಕೆ.ಜಿ. ಮೀರಿ ಉಗುಳುತ್ತದೆ.

ಮಧ್ಯಾಹ್ನ ಪಾವಗಡದಂಥ ಸೌರ ಪಾರ್ಕುಗಳ ವಿದ್ಯುತ್ ಜಾಲದಲ್ಲಿ ತುಂಬಿರುತ್ತದೆ, ಸಂಜೆ ಏಳಕ್ಕೆ ಅದು ಇರುವುದಿಲ್ಲ. ಕಚೇರಿಯಲ್ಲೋ ಅಂಗಡಿಯಲ್ಲೋ ಹಗಲು ಚಾರ್ಜ್ ಮಾಡುವ ಅನುಕೂಲವಿದ್ದರೆ ಅದನ್ನೇ ಆರಿಸಿಕೊಳ್ಳಿ. ಕಡಲ ತೀರದ ಉಪ್ಪುಗಾಳಿಗೆ ಸಾಕೆಟ್ಟಿನ ಪಿನ್ ಬೇಗ ತುಕ್ಕು ಹಿಡಿಯುತ್ತದೆ. ಅರ್ಧ ತಾಸಿನ ನಂತರ ಪ್ಲಗ್ ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ಸಾಕೆಟ್ ಬದಲಿಸುವವರೆಗೆ ಅಲ್ಲಿ ಚಾರ್ಜ್ ಮಾಡಬೇಡಿ.