ಪರವಾನಗಿ ರಾಜ್ಯದ್ದು, ಕಟ್ಟಡ ಕೇಂದ್ರದ್ದು

ಮಾನ್ಯರೇ,

ಮಗಳ ಪಾಸ್‌ಪೋರ್ಟ್ ಅರ್ಜಿ ಸಲ್ಲಿಸಲು ಅಂಚೆ ಕಚೇರಿಗೆ ಹೋದಾಗ ಬಾಗಿಲ ಬಳಿಯ ಸೂಚನಾ ಫಲಕವನ್ನು ಕಂಡು, ಸೊಂಟದಲ್ಲಿದ್ದ ಪಿಸ್ತೂಲನ್ನು ಕಚೇರಿಯ ಅಂಗಳದಲ್ಲೇ ನಿಲ್ಲಿಸಿದ್ದ ಕಾರಿನಲ್ಲಿಟ್ಟು ಬೀಗ ಹಾಕಿ ಒಳಗೆ ಹೋದುದಾಗಿ ಬರೆದಿದ್ದೀರಿ. ಟೆಕ್ಸಾಸ್ ರಾಜ್ಯದ ಪರವಾನಗಿ ಪಡೆದವರಿಗೆ ಆಸ್ಟಿನ್ನಿನ ಶಾಸನ ಭವನದೊಳಕ್ಕೂ ಪಿಸ್ತೂಲು ಒಯ್ಯಲು ಅವಕಾಶವಿರುವಾಗ ಅಂಚೆ ಚೀಟಿ ಮಾರುವ ಕಚೇರಿ ಏಕೆ ತಡೆಯಬೇಕು, ಕಾರಿನಲ್ಲಿ ಇಟ್ಟದ್ದಾದರೂ ಸರಿಯಾಯಿತೇ ಎಂದು ಕೇಳಿದ್ದೀರಿ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ಅಂಚೆ ಇಲಾಖೆಯ ನಿಯಮದ ಪ್ರಕಾರ ಕಾರಿನಲ್ಲಿ ಇಟ್ಟದ್ದೂ ತಪ್ಪೇ. ಆ ನಿಯಮ ಕಟ್ಟಡವನ್ನಷ್ಟೇ ಅಲ್ಲ, ಇಲಾಖೆಯ ಸ್ವತ್ತನ್ನೆಲ್ಲ, ಅಂದರೆ ವಾಹನ ನಿಲ್ಲಿಸುವ ಅಂಗಳವನ್ನೂ ಒಳಗೊಳ್ಳುತ್ತದೆ. ಮೀರಿದವರಿಗೆ ದಂಡ ಅಥವಾ 30 ದಿನಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಲೂಯಿಸಿಯಾನಾದ ಅಂಚೆ ನೌಕರರೊಬ್ಬರು ಕಚೇರಿಯ ಅಂಗಳದಲ್ಲಿ ನಿಲ್ಲಿಸಿದ್ದ ತಮ್ಮ ಕಾರಿನಲ್ಲಿ ಪಿಸ್ತೂಲು ಇಟ್ಟುಕೊಂಡದ್ದಕ್ಕಾಗಿ ಶಿಕ್ಷೆಗೆ ಒಳಗಾದರು. ಟೆಕ್ಸಾಸ್ ಕೂಡ ಯಾವುದರ ವ್ಯಾಪ್ತಿಗೆ ಬರುತ್ತದೆಯೋ ಆ ಐದನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಆ ಶಿಕ್ಷೆಯನ್ನು ಎತ್ತಿಹಿಡಿಯಿತು. ಟೆಕ್ಸಾಸ್ ಕಾನೂನು ಮಾತ್ರ, ಕೋರ್ಟಿನಂಥ ನಿಷೇಧಿತ ಸ್ಥಳಗಳ ಮಾತು ಬಂದಾಗ, ಕಟ್ಟಡವನ್ನು ಲೆಕ್ಕಕ್ಕೆ ತೆಗೆದುಕೊಂಡು ವಾಹನ ನಿಲುಗಡೆಯ ಜಾಗವನ್ನು ಹೊರಗಿಡುತ್ತದೆ. ಈ ರೂಢಿಗೆ ಒಗ್ಗಿಹೋದವರು ಅಂಚೆ ಕಚೇರಿಯ ಅಂಗಳದಲ್ಲಿ ಎಡವುವುದು ಸಹಜ. ಮನೆಯಿಂದ ಹೊರಟವನು ನಾಲ್ಕು ಕಡೆ ಹೋಗಬೇಕಾದ ದಿನ ಪಿಸ್ತೂಲನ್ನು ಎಲ್ಲಿಡಬೇಕು ಎಂಬ ನಿಮ್ಮ ಅಸಮಾಧಾನದಲ್ಲಿ ಹುರುಳಿದೆ. ಅಂಗಳದ ಮೇಲಿನ ನಿಷೇಧ ಅತಿಯಾಯಿತೆಂದೇ ನಮಗೂ ಅನ್ನಿಸುತ್ತದೆ.

ಇನ್ನು ಶಾಸನ ಭವನದ ಮಾತು. ಅದು ರಾಜ್ಯದ ಕಟ್ಟಡ. ಅಲ್ಲಿ ಯಾರು ಏನನ್ನು ಒಯ್ಯಬಹುದೆಂದು ತೀರ್ಮಾನಿಸುವುದು ರಾಜ್ಯ. ಟೆಕ್ಸಾಸ್ ಈ ವಿಷಯದಲ್ಲಿ ಎಷ್ಟು ಮುಂದೆ ಹೋಗಿದೆಯೆಂದರೆ, ಪರವಾನಗಿದಾರರನ್ನು ತಡೆಯಲು ಅಧಿಕಾರವಿಲ್ಲದ ಕಡೆ ನಿಷೇಧದ ಫಲಕ ತೂಗುಹಾಕಿದ ನಗರ ಅಥವಾ ಕೌಂಟಿಯ ಆಡಳಿತಕ್ಕೇ ದಂಡ ವಿಧಿಸುವ ಕಾನೂನು 2015ರಿಂದ ಅಲ್ಲಿದೆ. ಆದರೆ ಅಂಚೆ ಕಚೇರಿ, ಪಿಂಚಣಿಯನ್ನು ನೋಡಿಕೊಳ್ಳುವ ಸೋಷಿಯಲ್ ಸೆಕ್ಯುರಿಟಿ ಕಚೇರಿ, ವಲಸೆ ಇಲಾಖೆಯ ಕಚೇರಿಗಳು ಅಮೆರಿಕದ ಕೇಂದ್ರ ಸರ್ಕಾರದವು; ಅವುಗಳ ಬಾಗಿಲಲ್ಲಿ ರಾಜ್ಯದ ಪರವಾನಗಿ ನಡೆಯುವುದಿಲ್ಲ. ಕೇಂದ್ರದ ನೌಕರರು ನಿತ್ಯ ಕೆಲಸ ಮಾಡುವ, ಸರ್ಕಾರ ಸ್ವಂತವಾಗಿ ಹೊಂದಿರುವ ಅಥವಾ ಬಾಡಿಗೆಗೆ ಪಡೆದಿರುವ ಕಟ್ಟಡಕ್ಕೆ ಬಂದೂಕು ಒಯ್ದರೆ ಒಂದು ವರ್ಷದವರೆಗೆ, ಕೇಂದ್ರದ ನ್ಯಾಯಾಲಯಕ್ಕೆ ಒಯ್ದರೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಲು ಸಂಯುಕ್ತ ಸಂಸ್ಥಾನದ ದಂಡಸಂಹಿತೆಯ 930ನೇ ವಿಧಿ ಅವಕಾಶ ಕೊಡುತ್ತದೆ. ಬಾಡಿಗೆಯ ಮಾತನ್ನು ಗಮನಿಸಿ. ಬೆರಳಚ್ಚು ಕೊಡಲು ವಲಸೆ ಇಲಾಖೆ ನಮ್ಮವರನ್ನು ಕರೆಸಿಕೊಳ್ಳುವ ಕೇಂದ್ರಗಳು ಎಷ್ಟೋ ಕಡೆ ದಿನಸಿ ಅಂಗಡಿಯ ಪಕ್ಕದ ಮಳಿಗೆಯಲ್ಲಿರುತ್ತವೆ. ಸರ್ಕಾರಿ ಕಟ್ಟಡದ ಲಕ್ಷಣವೇ ಕಾಣದಿದ್ದರೂ ಮಳಿಗೆಯ ಆ ಭಾಗಕ್ಕೆ ಈ ವಿಧಿ ಅನ್ವಯಿಸುತ್ತದೆ.

ಸುಪ್ರೀಂ ಕೋರ್ಟ್ ಬಂದೂಕಿನ ಹಕ್ಕನ್ನು ವೈಯಕ್ತಿಕ ಹಕ್ಕೆಂದು ಒಪ್ಪಿದ 2008ರ ತೀರ್ಪಿನಲ್ಲೇ ಶಾಲೆಗಳು ಮತ್ತು ಸರ್ಕಾರಿ ಕಟ್ಟಡಗಳಲ್ಲಿನ ನಿಷೇಧಗಳನ್ನು ತಾನು ಪ್ರಶ್ನಿಸುತ್ತಿಲ್ಲವೆಂದು ಹೇಳಿತ್ತು. ಮನೆಯ ಹೊರಗೂ ಆ ಹಕ್ಕಿದೆಯೆಂದ 2022ರ ತೀರ್ಪು ಶಾಸನಸಭೆ, ಮತಗಟ್ಟೆ, ನ್ಯಾಯಾಲಯಗಳನ್ನು ಸೂಕ್ಷ್ಮ ಸ್ಥಳಗಳೆಂದು ಹೆಸರಿಸಿತು. ಅಂಚೆ ಕಚೇರಿ ಆ ಸಾಲಿಗೆ ಸೇರುತ್ತದೆಯೇ ಎಂಬ ಬಗ್ಗೆ ಈಗ ಜಗ್ಗಾಟ ನಡೆದಿದೆ. 2024ರ ಜನವರಿಯಲ್ಲಿ ಫ್ಲಾರಿಡಾದ ನ್ಯಾಯಾಧೀಶರೊಬ್ಬರು ಅಂಚೆ ನೌಕರನೊಬ್ಬನ ಮೇಲಿನ ಬಂದೂಕಿನ ಆರೋಪವನ್ನು ವಜಾ ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನ ಜಿಲ್ಲಾ ನ್ಯಾಯಾಲಯವೊಂದು ಸಾಮಾನ್ಯ ಅಂಚೆ ಕಚೇರಿಗಳಲ್ಲಿನ ನಿಷೇಧ ಸಂವಿಧಾನಕ್ಕೆ ವಿರುದ್ಧವೆಂದಿತು. ಆದರೆ ಆ ತೀರ್ಪಿನ ರಕ್ಷಣೆ ದಾವೆ ಹೂಡಿದವರಿಗೂ ಅವರ ಸಂಘಟನೆಗಳ ಸದಸ್ಯರಿಗೂ ಸಂಬಂಧಿಸಿದ್ದು. ಅದನ್ನು ನಂಬಿ ನೀವು ಪಿಸ್ತೂಲಿನೊಂದಿಗೆ ಒಳಗೆ ಹೋಗಬಾರದು.

ಹೀಗೆ ಒತ್ತಿ ಹೇಳಲು ಕಾರಣ ನಿಮ್ಮ ಗ್ರೀನ್ ಕಾರ್ಡ್. ಅಮೆರಿಕದಲ್ಲೇ ಹುಟ್ಟಿದ ನೆರೆಯವರು ಇಂಥದೇ ತಪ್ಪು ಮಾಡಿದರೆ ದಂಡ ಕಟ್ಟಿ ಮನೆಗೆ ಬರಬಹುದು. ನಾಗರಿಕರಲ್ಲದವರು ಬಂದೂಕನ್ನು ಕಾನೂನಿಗೆ ವಿರುದ್ಧವಾಗಿ ಹೊಂದಿದ್ದರೆಂದೋ ಒಯ್ದರೆಂದೋ ಅಪರಾಧಿಯಾದರೆ, ಶಿಕ್ಷೆ ಎಷ್ಟೇ ಚಿಕ್ಕದಿರಲಿ, ವಲಸೆ ಕಾನೂನಿನಡಿ ಗಡೀಪಾರಿಗೆ ಅದೊಂದೇ ಆಧಾರವಾಗಬಲ್ಲದು. ಎಚ್-1ಬಿ ವೀಸಾದಲ್ಲಿರುವವರಿಗಂತೂ ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು ಬಂದೂಕು ಹೊಂದುವುದೇ ನಿಷಿದ್ಧ. ವರ್ಷಗಟ್ಟಲೆ ದುಡಿದು ಕಟ್ಟಿಕೊಂಡ ಸಂಸಾರ ಅಂಚೆ ಕಚೇರಿಯ ಅಂಗಳದ ತಪ್ಪಿನಿಂದ ಚದುರಿಹೋಗುವುದನ್ನು ನಾವು ನೋಡಲಾರೆವು.

ಕೊಡಗಿನಲ್ಲಿ ಹುಟ್ಟಿದ ತಮಗೆ ಕೋವಿ ಆಟದ ವಸ್ತುವಲ್ಲ, ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಮನೆತನದ ವಸ್ತು ಎಂದು ಬರೆದಿದ್ದೀರಿ. ಆ ಗೌರವವನ್ನು ಬಲ್ಲೆವು. ಭಾರತದ ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿದ, ಪರವಾನಗಿಯಿಲ್ಲದೆ ಕೋವಿ ಹೊಂದುವ ಕೊಡವರ ವಿನಾಯಿತಿಯೂ ಭಾರತದ ಕಾನೂನಿನಡಿ ದೊರೆತದ್ದು. ಅಮೆರಿಕದ ಕಚೇರಿಯ ಬಾಗಿಲಲ್ಲಿ ಅದು ನೆರವಿಗೆ ಬಾರದು.

ಮುಂದಿನ ತಿಂಗಳು ಪೌರತ್ವದ ಸಂದರ್ಶನಕ್ಕೆ ಹೋಗುವ ದಿನ ಪಿಸ್ತೂಲನ್ನು ಮನೆಯ ಬೀಗದ ಪೆಟ್ಟಿಗೆಯಲ್ಲೇ ಇಟ್ಟು ಹೊರಡಿ, ಕಾರಿನಲ್ಲಿಯೂ ಬೇಡ. ಅಂಚೆ ಕಚೇರಿಯ ಅಂದಿನ ಘಟನೆಯಲ್ಲಿ ಯಾರೂ ನಿಮ್ಮನ್ನು ತಡೆದಿಲ್ಲ, ದೂರೂ ದಾಖಲಾಗಿಲ್ಲ ಎಂದಿದ್ದೀರಿ. ಪೌರತ್ವದ ಅರ್ಜಿ ಬಂಧನ ಮತ್ತು ಆರೋಪಗಳನ್ನಲ್ಲದೆ ಇತರ ವಿವರಗಳನ್ನೂ ಕೇಳುವುದರಿಂದ, ಸಂದರ್ಶನಕ್ಕೆ ಮೊದಲು ವಲಸೆ ಕಾನೂನು ಬಲ್ಲ ವಕೀಲರೊಬ್ಬರಿಗೆ ನಡೆದುದೆಲ್ಲವನ್ನೂ ಹೇಳಿ, ಅವರ ಸಲಹೆ ಪಡೆದೇ ಹೋಗಿ.

— ಸಂಪಾದಕರು