ವಿಮಾನ ತರುವ ಮುಂಚೆ ಮಾಡು ಹಾಕಿಸಿ

(ಬದಿಯಡ್ಕ ಕಡೆಯ ನಿವೃತ್ತ ಮಾಸ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮಿಗ್-21 ವಿಮಾನದ ವಿದಾಯದ ಬಗ್ಗೆ ನಾವು ಹಾಕಿದ ಲೇಖನ ಓದಿ ಬರೆದ ಪತ್ರ ಅದು. ಮಗನ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಡಕ್ಸ್‌ಫರ್ಡ್‌ನಲ್ಲಿ ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಹಾರುವುದನ್ನು ಅವರು ಕಣ್ಣಾರೆ ಕಂಡರಂತೆ. ‘ಎಂಬತ್ತು ವರ್ಷದ ಯುದ್ಧವಿಮಾನವನ್ನು ಅವರು ಹಾರಿಸುತ್ತಾರೆ. ನಮ್ಮವು ಸರ್ಕಲ್‌ಗಳಲ್ಲಿ ಕಂಬದ ಮೇಲೆ ಬಣ್ಣ ಕಳೆದುಕೊಂಡು ನಿಂತಿವೆ. ಯಾಕೆ ಹೀಗೆ?’ ಎಂದು ಕೇಳಿದ್ದಾರೆ. ಅವರ ಶಾಲೆಯ ಹಳೆ ವಿದ್ಯಾರ್ಥಿ ಸಂಘಕ್ಕೆ ನಿವೃತ್ತ ಮಿಗ್ ಒಂದನ್ನು ವಾಯುಪಡೆಯಿಂದ ಕೇಳಿ ತಂದು ಮೈದಾನದ ಬದಿಯಲ್ಲಿ ನಿಲ್ಲಿಸುವ ಆಸೆ. ಅದಕ್ಕೆ ಪತ್ರಿಕೆಯ ಬೆಂಬಲ ಬೇಕಂತೆ. ಕೊನೆಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.)

ಮಾಸ್ಟ್ರೇ, ನಮಸ್ಕಾರ.

ಬೆಂಬಲದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಾಡು, ಅಂದರೆ ಸೂರು, ಹಾಕಿಸಿ ವಿಮಾನ ತರುವುದಾದರೆ ಪತ್ರಿಕೆ ನಿಮ್ಮ ಜೊತೆಗಿದೆ. ಬಯಲಲ್ಲಿ ನಿಲ್ಲಿಸುವುದಾದರೆ ಇಲ್ಲ. ಯಾಕೆ ಎಂದು ಹೇಳಲು ಸ್ವಲ್ಪ ದೂರದಿಂದ ಶುರು ಮಾಡಬೇಕು.

ನೀವು ಇಂಗ್ಲೆಂಡಿನಲ್ಲಿ ನೋಡಿದ್ದು ಯಾವ ವಿಮಾನವೋ ಏನೋ, ಆದರೆ ಅಲ್ಲಿ ಉಳಿದಿರುವ ಸ್ಪಿಟ್‌ಫೈರ್‌ಗಳಲ್ಲಿ ಕೆಲವು ಒಂದು ಕಾಲದಲ್ಲಿ ನಮ್ಮ ವಾಯುಪಡೆಯವೇ. ಬರ್ಮಾ ಯುದ್ಧದಲ್ಲಿ ನಮ್ಮವರು ಮೊದಲು ಹರಿಕೇನ್, ಆಮೇಲೆ ಸ್ಪಿಟ್‌ಫೈರ್ ಹಾರಿಸಿದರು. ಸ್ವಾತಂತ್ರ್ಯದ ನಂತರವೂ ಸ್ಪಿಟ್‌ಫೈರ್, ಟೆಂಪೆಸ್ಟ್‌ಗಳು ಕೆಲವು ವರ್ಷ ಸೇವೆಯಲ್ಲಿದ್ದವು. ಜೆಟ್ ವಿಮಾನ ಬಂದ ಮೇಲೆ ಇವು ವಾಯುನೆಲೆಗಳ ಮೂಲೆ ಸೇರಿದವು. 1970ರ ದಶಕದಲ್ಲಿ ವಿದೇಶದ ಸಂಗ್ರಾಹಕರು ಹುಡುಕಿಕೊಂಡು ಬಂದು ಅಂಥ ಎಷ್ಟೋ ವಿಮಾನಗಳನ್ನು ಕೊಂಡು ಹಡಗಿಗೆ ಏರಿಸಿದರು. ಬ್ರಿಟಿಷ್ ವಾಯುಪಡೆಯ ಮ್ಯೂಸಿಯಂನಲ್ಲಿರುವ ಒಂದು ಟೆಂಪೆಸ್ಟ್ ಕೂಡ ಭಾರತದಿಂದಲೇ ಹೋದದ್ದು. ಇದಕ್ಕೆ ಯಾರನ್ನೂ ಬೈಯಲು ನನಗೆ ಮನಸ್ಸಿಲ್ಲ. 1962, 1965, 1971 ಎಂದು ಸಾಲಾಗಿ ಯುದ್ಧ ಕಂಡ ದೇಶಕ್ಕೆ ಹಳೇ ವಿಮಾನಕ್ಕೆ ಎಣ್ಣೆ ಹಚ್ಚುತ್ತಾ ಕೂರಲು ಪುರುಸೊತ್ತು ಎಲ್ಲಿತ್ತು?

ಹಾಗೆಂದು ಎಲ್ಲವೂ ಹೋಗಲಿಲ್ಲ. ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿ ಹರಿಕೇನ್, ಸ್ಪಿಟ್‌ಫೈರ್, ಟೆಂಪೆಸ್ಟ್ ಮೂರೂ ಇವೆ. ವಾಯುಪಡೆ ಶುರುವಾದಾಗ ಇದ್ದ ವಾಪಿಟಿ ಜಾತಿಯ ವಿಮಾನವೂ ಇದೆ. ಇಡೀ ಪ್ರಪಂಚದಲ್ಲಿ ಉಳಿದಿರುವ ವಾಪಿಟಿ ಅದೊಂದೇ. ಹಾರುವ ಸ್ಥಿತಿಗೆ ತಂದ ಟೈಗರ್ ಮಾತ್, ಹಾರ್ವರ್ಡ್, ಡಕೋಟಾ ಕೂಡ ನಮ್ಮ ವಾಯುಪಡೆಯಲ್ಲಿವೆ. ಮೊದಲೆರಡು ತರಬೇತಿ ವಿಮಾನ, ಡಕೋಟಾ ಸಾಗಣೆ ವಿಮಾನ. ಅದು ಐರ್ಲೆಂಡಿನಲ್ಲಿ ಗುಜರಿಗೆ ಬಿದ್ದಿತ್ತು. ರಾಜಕಾರಣಿ ರಾಜೀವ್ ಚಂದ್ರಶೇಖರ್ 2011ರಲ್ಲಿ ಅದನ್ನು ಕೊಂಡರು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಬ್ರಿಟನ್ನಿನಲ್ಲಿ ರಿಪೇರಿಯಾಗಿ 2018ರಲ್ಲಿ ಅದು ಹಾರಿಕೊಂಡೇ ಭಾರತಕ್ಕೆ ಬಂತು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾದ ಸಂಖ್ಯೆ ವಿಪಿ 905. ಅದೇ ಸಂಖ್ಯೆಯನ್ನು ಇದಕ್ಕೆ ಬರೆದು ಪರಶುರಾಮ ಎಂದು ಹೆಸರಿಟ್ಟಿದ್ದಾರೆ. ಪರಶುರಾಮ ಸೃಷ್ಟಿಯಲ್ಲಿ ಕೂತ ನಮಗೆ ಆ ಹೆಸರು ಕೇಳಿದರೆ ಒಳಗೊಳಗೇ ಖುಷಿ, ಅಲ್ವಾ?

‘ನಮ್ಮವರಿಗೆ ಆ ಕೈಚಳಕ ಇಲ್ಲ’ ಎಂದೂ ಬರೆದಿದ್ದೀರಿ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನವರು ಮಾಡಿದ ಒಂದು ಕೆಲಸ ನಮ್ಮಲ್ಲೇ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ತಯಾರಾದ ಲಿಬರೇಟರ್ ಎಂಬ ನಾಲ್ಕು ಎಂಜಿನ್‌ನ ಬಾಂಬರ್‌ಗಳನ್ನು ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋದರು. ಸುಮ್ನೆ ಬಿಟ್ಟು ಹೋಗಲಿಲ್ಲ, ಯಾರೂ ಮತ್ತೆ ಹಾರಿಸಬಾರದೆಂದು ಬೇಕೆಂದೇ ಕೆಡಿಸಿ ಹೋದರು. 1948ರಲ್ಲಿ ಭಾರತಕ್ಕೆ ಬಾಂಬರ್ ಬೇಕಾಯಿತು, ಕೊಳ್ಳಲು ದುಡ್ಡಿರಲಿಲ್ಲ. ಯುದ್ಧ ಕಾಲದಲ್ಲಿ ಅಮೆರಿಕನ್ನರ ವಿಮಾನಗಳನ್ನೇ ರಿಪೇರಿ ಮಾಡಿ ಪಳಗಿದ್ದ ಎಚ್‌ಎಎಲ್ ಕೆಲಸಗಾರರು ಕಾನ್ಪುರಕ್ಕೆ ಹೋದರು. ಒಂದರ ರೆಕ್ಕೆ, ಇನ್ನೊಂದರ ಎಂಜಿನ್, ಮತ್ತೊಂದರ ಚಕ್ರ ಎಂದು ಹೊಂದಿಸಿ, ಒಂದು ಸಲ ಬೆಂಗಳೂರು ತಲುಪಿದರೆ ಸಾಕು ಎನ್ನುವ ಮಟ್ಟಿಗೆ ಒಂದೊಂದನ್ನೇ ಎಬ್ಬಿಸಿದರು. ಅವನ್ನು ಬೆಂಗಳೂರಿಗೆ ಹಾರಿಸಿ ತಂದವರು ಎಚ್‌ಎಎಲ್‌ನ ಪೈಲಟ್ ಜಿಮ್ಮಿ ಮುನ್ಷಿ. ಎಂಥ ಗುಂಡಿಗೆ ಇರಬೇಕು ಮಾರಾಯ್ರೆ! ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ ಸರಿಯಾಗಿ ಕಟ್ಟಿದರು. ಹೀಗೆ ಸುಮಾರು 40 ವಿಮಾನ. 1968ರವರೆಗೂ ಅವು ಸೇವೆಯಲ್ಲಿದ್ದವು. ಆಮೇಲೆ ಬ್ರಿಟನ್, ಕೆನಡಾ, ಅಮೆರಿಕದ ಮ್ಯೂಸಿಯಂಗಳು ನಮ್ಮಿಂದಲೇ ಲಿಬರೇಟರ್ ಕೇಳಿ ಒಯ್ದವು. ಅವರು ತಮ್ಮದನ್ನೆಲ್ಲ ಅಷ್ಟರಲ್ಲಿ ಕರಗಿಸಿ ಮುಗಿಸಿದ್ದರು.

ಹಾಗಾಗಿ ಕೈ ಇಲ್ಲವೆಂದಲ್ಲ. ಆಗ ಅಗತ್ಯ ಇತ್ತು, ಮಾಡಿದರು. ಬರೀ ನೆನಪಿಗೋಸ್ಕರ ಅಷ್ಟು ಬೆವರು ಹರಿಸುವ ಅಭ್ಯಾಸ ನಮ್ಮಲ್ಲಿ ಈಗಷ್ಟೇ ಶುರುವಾಗುತ್ತಿದೆ.

ಇನ್ನು ‘ಹಾರಿಸುವುದೇ ನಿಜವಾದ ಗೌರವ’ ಎಂಬ ನಿಮ್ಮ ಮಾತು. ಇದಕ್ಕೆ ನನ್ನದು ಅರ್ಧ ಒಪ್ಪಿಗೆ ಮಾತ್ರ. ಹಾರಬೇಕಾದ ವಿಮಾನದಲ್ಲಿ ಹಳೆಯದನ್ನು ಜಾಸ್ತಿ ಉಳಿಸಲು ಆಗುವುದಿಲ್ಲ. ಸ್ಪಿಟ್‌ಫೈರ್‌ನ ಕೆಲವು ಕಡೆ ತಗಡು ಜೋಡಿಸಲು ಮೆಗ್ನೀಸಿಯಂ ಬೆರೆಸಿದ ರಿವೆಟ್ ಎಂಬ ಮೊಳೆ ಹಾಕಿದ್ದರು. ಇಷ್ಟು ವರ್ಷದಲ್ಲಿ ಅವು ಪುಡಿಯಾಗಿರುತ್ತವೆ. ಹಾರಬೇಕೆಂದರೆ ಅಷ್ಟನ್ನೂ ಕಿತ್ತು ಹೊಸದು ಹಾಕಬೇಕು. ರೆಕ್ಕೆಯ ಭಾರ ಹೊರುವ ತೊಲೆ, ಮೈಯ ತಗಡು, ಪೈಪು, ವಯರು ಎಲ್ಲವೂ ಹೊಸದಾಗುತ್ತಾ ಹೋಗುತ್ತವೆ. ಕೊನೆಗೆ ಹಳೆಯ ಗುರುತಿನ ಫಲಕ ಮತ್ತು ಕೆಲವೇ ಭಾಗಗಳು ಉಳಿದು, ಬಾಕಿಯೆಲ್ಲ ನಿನ್ನೆ ಮೊನ್ನೆ ಮಾಡಿದ ವಿಮಾನಗಳೂ ಹಾರುತ್ತಿವೆ. ನೋಡಲು ಚಂದ, ಕೇಳಲು ಇನ್ನೂ ಚಂದ. ಆ 27 ಲೀಟರಿನ ಮರ್ಲಿನ್ ಎಂಜಿನ್ ಸದ್ದಿಗೆ ನಿಮ್ಮ ಮೈ ಜುಮ್ಮೆಂದದ್ದು ಸಹಜ. ಆದರೆ ಅಪಾಯ ತಮಾಷೆಯಲ್ಲ. 2022ರ ನವೆಂಬರಿನಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಪ್ರದರ್ಶನದ ನಡುವೆಯೇ ಯುದ್ಧ ಕಾಲದ ಎರಡು ವಿಮಾನ ಡಿಕ್ಕಿಯಾಗಿ ಆರು ಜನ ಸತ್ತರು. 2024ರ ಮೇ ತಿಂಗಳಲ್ಲಿ ಬ್ರಿಟಿಷ್ ವಾಯುಪಡೆಯದೇ ಸ್ಪಿಟ್‌ಫೈರ್ ಬಿದ್ದು ಪೈಲಟ್ ತೀರಿಕೊಂಡರು. ಡಜನ್‌ಗಟ್ಟಲೆ ಉಳಿದಿರುವ ಜಾತಿಯಲ್ಲಿ ಕೆಲವನ್ನು ಹಾರಿಸಲಿ. ಒಂದೇ ಉಳಿದಿರುವ ವಾಪಿಟಿಯಂಥದ್ದನ್ನು ಯಾರಾದರೂ ಹಾರಿಸಲು ಹೊರಟರೆ ನಾನು ಅಡ್ಡ ಮಲಗುತ್ತೇನೆ.

ಹಾರಿಸದೆ ಉಳಿಸುವುದೂ ಒಂದು ವಿದ್ಯೆಯೇ. 2013ರಲ್ಲಿ ಇಂಗ್ಲಿಷ್ ಕಾಲುವೆಯಿಂದ ಜರ್ಮನಿಯ ಡಾರ್ನಿಯರ್-17 ಬಾಂಬರನ್ನು ಮೇಲೆತ್ತಿದರು. ಎಪ್ಪತ್ತಕ್ಕೂ ಹೆಚ್ಚು ವರ್ಷ ಉಪ್ಪುನೀರಿನಲ್ಲಿದ್ದ ಲೋಹ ಅದು. ಹಾಗೇ ಒಣಗಲು ಬಿಟ್ಟರೆ ಒಳಗಿನ ಉಪ್ಪು ತಿಂದು ಮುಗಿಸುತ್ತಿತ್ತು. ಪ್ಲಾಸ್ಟಿಕ್ ಹೊದೆಸಿದ ಸುರಂಗದೊಳಗಿಟ್ಟು ಅದಕ್ಕೆ ತಿಂಗಳುಗಟ್ಟಲೆ ಸಿಟ್ರಿಕ್ ಆಮ್ಲದ ನೀರು ಸಿಂಪಡಿಸಿದರು. ನಿಂಬೆಹುಳಿಯಲ್ಲಿರುವುದೇ ಆ ಆಮ್ಲ. ಅದನ್ನೇ ಹದವಾಗಿ ತೆಳುಮಾಡಿ ಉಪ್ಪನ್ನೂ ಚಿಪ್ಪನ್ನೂ ಬಿಡಿಸಿದರು.

ಈಗ ನಮ್ಮ ಊರಿಗೆ ಬರೋಣ. ಯುದ್ಧ ಕಾಲದ ವಿಮಾನ ಇರಲಿ, ಮಿಗ್ ಇರಲಿ, ಮೈಯ ತಗಡು ಶುದ್ಧ ಅಲ್ಯುಮಿನಿಯಂ ಅಲ್ಲ. ಬಲ ಬರಲೆಂದು ಅದಕ್ಕೆ ಬೇರೆ ಲೋಹ ಬೆರೆಸಿರುತ್ತಾರೆ. ಹಳೆಯ ಡ್ಯುರಾಲುಮಿನ್ ಎಂಬ ಮಿಶ್ರಲೋಹದಲ್ಲಿ ಶೇಕಡ 4ರಷ್ಟು ತಾಮ್ರ ಇರುತ್ತದೆ. ಬಲ ಕೊಡುವುದೂ ಆ ತಾಮ್ರವೇ, ಕೊನೆಗೆ ಕೈ ಕೊಡುವುದೂ ಅದೇ. ನಿಮಗೆ ಇದನ್ನು ವಿವರಿಸುವುದು ಸುಲಭ, ಯಾಕೆಂದರೆ ನೀವೂ ಅಡಿಕೆ ತೋಟದವರು. ಮದ್ದು ಬಿಡುವ ದಿನ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಗಿದೆಯಾ ಎಂದು ನೋಡಲು ಕತ್ತಿಯ ತುದಿ ಅದ್ದುತ್ತೇವಲ್ಲ? ಸುಣ್ಣ ಕಮ್ಮಿಯಿದ್ದರೆ ಕತ್ತಿಗೆ ಕೆಂಪು ಹಿಡಿಯುತ್ತದೆ. ಮೈಲುತುತ್ತಿನ ತಾಮ್ರ ಕಬ್ಬಿಣದ ಮೇಲೆ ಕೂತು, ಕಬ್ಬಿಣ ಕರಗಿ ನೀರಿಗಿಳಿದಿರುತ್ತದೆ. ವಿಮಾನದ ತಗಡಿನೊಳಗೂ ಇದೇ ಜಗಳ. ತಾಮ್ರ ಜಾಸ್ತಿ ಇರುವ ಕಣದ ಪಕ್ಕದಲ್ಲಿ ಅಲ್ಯುಮಿನಿಯಂ, ನಡುವೆ ಸ್ವಲ್ಪ ಉಪ್ಪಿನ ತೇವ. ಅಷ್ಟಾದರೆ ಅಲ್ಯುಮಿನಿಯಂ ಕರಗಲು ಶುರು. ಇದನ್ನು ತಡೆಯಲು ತಗಡಿನ ಎರಡೂ ಮೈಗೆ ಶುದ್ಧ ಅಲ್ಯುಮಿನಿಯಂನ ತೆಳು ಪದರ ಹಾಕುವ ಕ್ರಮ ಇದೆ. ಆದರೆ ರಿವೆಟ್‌ಗೆ ತೂತು ಕೊರೆದಲ್ಲಿ, ಗೀರು ಬಿದ್ದಲ್ಲಿ ಆ ಪದರ ಇರುವುದಿಲ್ಲ.

ಕರಾವಳಿಯ ಒಂದು ಊರಿನಲ್ಲಿ ಬಯಲಲ್ಲಿ ನಿಲ್ಲಿಸಿದ ಜೆಟ್ ಒಂದನ್ನು ಹತ್ತಿರ ಹೋಗಿ ನೋಡಿದ್ದೇನೆ. ದೂರದಿಂದ ಫಳಫಳ. ಹತ್ತಿರ ಹೋದರೆ ರಿವೆಟ್ ಸಾಲಿನುದ್ದಕ್ಕೂ ಬಣ್ಣ ಬೊಕ್ಕೆ ಎದ್ದಿತ್ತು. ಉಗುರಲ್ಲಿ ಒತ್ತಿದರೆ ಬೊಕ್ಕೆ ಒಡೆದು ಬಿಳಿ ಪುಡಿ ಉದುರಿತು. ರೆಕ್ಕೆಯ ಅಂಚಿನಲ್ಲಿ ಲೋಹ ಪದರು ಪದರಾಗಿ ಬಿಟ್ಟುಕೊಂಡಿತ್ತು. ಗಾಳಿ ಹೋಗುವ ಬಾಯಿಯೊಳಗೆ ಮೈನಾ ಗೂಡು. ಕಾಕ್‌ಪಿಟ್‌ನ ಮುಚ್ಚಳ ಹಳದಿಯಾಗಿ ಬಿರುಕುಬಿಟ್ಟು ಒಳಗೆ ನೀರು ನಿಂತಿತ್ತು. ಅದರ ಮೇಲೆ ಹೊಸ ಬೆಳ್ಳಿ ಬಣ್ಣ ಬಳಿದಿದ್ದರು. ಹೊಸ ಬಣ್ಣ ತೇವವನ್ನು ಒಳಗೇ ಕೂಡಿಹಾಕಿತ್ತು, ಅಷ್ಟೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಕಡಲಿನಿಂದ ಉಪ್ಪುಗಾಳಿ. ನಿಮ್ಮ ಶಾಲೆಯ ಸುತ್ತ ಅಡಿಕೆ ತೋಟ ಬೇರೆ. ಮಳೆಗಾಲ ಹಿಡಿಯುವ ಮುಂಚೆ ಮದ್ದು ಬಿಡುವಾಗ ಗಾಳಿಗೆ ತೇಲಿದ ಹನಿ ನೇರ ವಿಮಾನದ ಮೇಲೆ ಬೀಳುತ್ತದೆ. ಅಲ್ಯುಮಿನಿಯಂ ಮೇಲೆ ತಾಮ್ರದ ಮದ್ದು! ಇಷ್ಟು ಒಳ್ಳೆ ಶತ್ರುವನ್ನು ಪಾಕಿಸ್ತಾನವೂ ಕಳಿಸಲಿಲ್ಲ.

ಹಾಗಾಗಿ ಮಾಡು ಬೇಕೇ ಬೇಕು. ಮಿಗ್-21ರ ರೆಕ್ಕೆಯ ತುದಿಯಿಂದ ತುದಿಗೆ 7 ಮೀಟರ್ ಚಿಲ್ಲರೆ, ಉದ್ದ 15 ಮೀಟರ್ ಆಸುಪಾಸು. ಇರುಚಲು ಹೊಡೆಯದ ಹಾಗೆ ಸುತ್ತಲೂ ಮೂರು ಮೂರು ಮೀಟರ್ ಹೊರಗೆ ಚಾಚಿದ ಶೀಟಿನ ಮಾಡು, ಕೆಳಗೆ ಕಾಂಕ್ರೀಟ್ ನೆಲ. ಬದಿಗಳು ತೆರೆದಿರಲಿ, ಗಾಳಿಯಾಡಬೇಕು. ಮಳೆಗಾಲದಲ್ಲಿ ಟರ್ಪಾಲು ಹೊದೆಸುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ತಡೆಯಿರಿ, ಒಳಗೆ ಬೆವರಿ ಬಯಲಿಗಿಂತ ಬೇಗ ಹಾಳಾಗುತ್ತದೆ. ಭಾರವನ್ನು ಚಕ್ರದ ಮೇಲೆ ಬಿಡದೆ ಕೆಳಗೆ ಸ್ಟ್ಯಾಂಡ್ ಕೊಡಿ. ಹೊಟ್ಟೆಯಡಿಯ ನೀರಿಳಿಯುವ ತೂತುಗಳನ್ನು ಯಾರೂ ಬಣ್ಣ ಬಳಿದು ಮುಚ್ಚಬಾರದು. ಬಾಯಿಗಳಿಗೆಲ್ಲ ಬಲೆ ಹಾಕಿ. ಆಗಾಗ ಸಿಹಿನೀರಿನಲ್ಲಿ ತೊಳೆಯಿರಿ. ಕಾಕ್‌ಪಿಟ್ ಮುಚ್ಚಳಕ್ಕೆ ಸೀಮೆಎಣ್ಣೆ, ಥಿನ್ನರ್ ಸೋಕಿಸಬೇಡಿ, ಅದು ಗಾಜಲ್ಲ. ಇನ್ನು ಬಣ್ಣ. ಹಳೆ ಬಣ್ಣವನ್ನು ಪೂರ್ತಿ ಉಜ್ಜಿ ತೆಗೆಯುವ ಉತ್ಸಾಹ ಬೇಡ. ನುರಿತವರು ಅಂಗೈಯಗಲದ ಜಾಗವನ್ನು ನಯವಾದ ಮರಳುಕಾಗದದಲ್ಲಿ ನೀರು ಹಾಕಿ ಒಂದೊಂದೇ ಪದರ ಸವೆಸುತ್ತಾರೆ. ಅಡಿಯಲ್ಲಿ ಹಳೆಯ ಸಂಖ್ಯೆ, ಹಳೆಯ ಸ್ಕ್ವಾಡ್ರನ್ ಗುರುತು ಸಿಗುವುದುಂಟು. ಒಮ್ಮೆ ಗ್ರೈಂಡರ್ ಹಿಡಿದರೆ ಅದೆಲ್ಲ ಧೂಳು.

ಮಾಡಿನ ಖರ್ಚಿಗೆ ಹಳೆ ವಿದ್ಯಾರ್ಥಿಗಳು ದುಡ್ಡು ಕೊಡುತ್ತಾರಾ? ನೋಡಿ. ವಿಮಾನದ ಮುಂದೆ ಫೋಟೋ ತೆಗೆಸಿಕೊಳ್ಳಲು ಗಲ್ಫಿನಿಂದಲೂ ಬರುತ್ತಾರೆ, ಶೀಟಿಗೆ ರಸೀದಿ ಹರಿಯಲು ಹೋದರೆ ಫೋನ್ ಎತ್ತುವುದಿಲ್ಲ. ಅದನ್ನು ಮೊದಲು ಪರೀಕ್ಷೆ ಮಾಡಿ. ಶೀಟಿನ ದುಡ್ಡು ಕೂಡಿದರೆ ವಿಮಾನ ನೋಡಿಕೊಳ್ಳುವ ಜನವೂ ಇದ್ದಾರೆ ಎಂದರ್ಥ.

ಕೊನೆಯ ಪ್ರಶ್ನೆ. ಸಂಬಂಧಿಕರ ಮನೆಯಲ್ಲಿ ಯುದ್ಧ ಕಾಲದ ವಿಮಾನದ್ದೆನ್ನುವ ಒಂದು ಡಯಲ್ ಇದೆ, ಗಾಜು ಒಡೆದಿದೆ, ಉಜ್ಜಿ ಪಾಲಿಶ್ ಮಾಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಆ ಕಾಲದ ಡಯಲ್‌ಗಳ ಅಂಕಿ, ಮುಳ್ಳು ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಈಗ ಹೊಳೆಯದಿದ್ದರೂ ರೇಡಿಯಂ ಹೋಗಿರುವುದಿಲ್ಲ. ಅದರ ಅರ್ಧ ಇಳಿಯಲಿಕ್ಕೇ ಸುಮಾರು 1600 ವರ್ಷ ಬೇಕು. ಉಜ್ಜಿದರೆ ಧೂಳು ಮೂಗಿಗೆ, ಬಾಯಿಗೆ ಹೋಗುತ್ತದೆ. ಗಾಜು ಒಡೆದಿರುವುದೇ ಚಿಂತೆಯ ವಿಷಯ. ಬರಿಗೈಯಲ್ಲಿ ಮುಟ್ಟದೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಡಬ್ಬಿಯಲ್ಲಿಟ್ಟು, ಜನ ಮಲಗದ ಕೋಣೆಯಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಲು ಹೇಳಿ. ಮುಂಬೈಯಲ್ಲಿರುವ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಬರೆದು ಏನು ಮಾಡಬೇಕೆಂದು ಕೇಳಲಿ. ಗುಜರಿಗಂತೂ ಹಾಕಬಾರದು.

ಆ ಮನೆಗೆ ಡಯಲ್ ಹೇಗೆ ಬಂತು, ಯಾರು ತಂದರು ಎಂದು ನೀವು ಬರೆದಿಲ್ಲ. ಅದನ್ನು ಕೇಳಿ ಬರೆಯಿರಿ, ನನಗೆ ಮಿಗ್‌ಗಿಂತ ಅದರಲ್ಲೇ ಆಸಕ್ತಿ ಜಾಸ್ತಿ. ಆ ಮನೆಯಿಂದ ಯಾರಾದರೂ ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡುವ ಫಿಟ್ಟರೋ ರಿಗ್ಗರೋ ಆಗಿದ್ದರಾ? ಲಾಗ್‌ಬುಕ್, ಪತ್ರ, ಫೋಟೋ ಏನಾದರೂ ಪೆಟ್ಟಿಗೆಯಲ್ಲಿದೆಯಾ? ಪಕ್ಕದ ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಿಂದ ಮರಳಲಿಲ್ಲ. ತಮ್ಮ ಹಳೇ ಮಿಸ್ಟೇರ್ ವಿಮಾನದಲ್ಲಿ ಅವರು ಶತ್ರುವಿನ ಸ್ಟಾರ್‌ಫೈಟರ್ ವಿಮಾನ ಉರುಳಿಸಿದ್ದರೆಂದು ಇಲ್ಲಿ ಗೊತ್ತಾಗುವಾಗ ವರ್ಷಗಳೇ ಕಳೆದಿದ್ದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆ ವಿಮಾನ ನಮ್ಮ ಹತ್ತಿರ ಇಲ್ಲ, ಬರೆದಿಟ್ಟದ್ದರಿಂದ ಸಂಗತಿ ಉಳಿಯಿತು. ಲಾಗ್‌ಬುಕ್ಕಿಗೆ ಮಾಡು ಬೇಡ, ಒಂದು ಒಣ ಕಪಾಟು ಸಾಕು.

ಸಂಘದ ಸಭೆ ಮಳೆ ಮುಗಿದ ಮೇಲೆ ಎಂದಿದ್ದೀರಿ. ಮಳೆ ಸುರಿಯುವ ಆಟಿ ತಿಂಗಳಲ್ಲೇ ಇಡಿ, ನಾನೂ ಬರುತ್ತೇನೆ. ಮೈದಾನದ ಯಾವ ಬದಿಯಲ್ಲಿ ನೀರು ನಿಲ್ಲುತ್ತದೆ, ಇರುಚಲು ಯಾವ ಕಡೆಯಿಂದ ಹೊಡೆಯುತ್ತದೆ ಎಂದು ಕೊಡೆ ಹಿಡಿದುಕೊಂಡೇ ನೋಡಿಬಿಡೋಣ. ಬರುವಾಗ ಅಳತೆ ಟೇಪು ತರುತ್ತೇನೆ.

— ಸಂಪಾದಕ